ರಾಡಾರ್, ಎಐಎಸ್, ಸಲಹೆ ಹೇಳುವ ಪರದೆ: ನಡುರಾತ್ರಿಯ ವಾಚಿನಲ್ಲಿ ಯಾರ ಮಾತು ಕೇಳುವುದು?

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಅದು ಮುಗಿದು ಕಡಲು ಸ್ವಲ್ಪ ತಣಿದರೆ ಸಾಕು, ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬೋಟುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಮುಂದ್ರಾದಿಂದ ಕೊಲಂಬೊಗೆ ಹೋಗುವ ಹಡಗಿನ ಬ್ರಿಜ್‌ನಲ್ಲಿ (ಹಡಗು ನಡೆಸುವ ಕೋಣೆ) ನಾನು ಸೆಕೆಂಡ್ ಆಫೀಸರ್ ಆಗಿ ರಾತ್ರಿ 12ರಿಂದ 4ರ ವಾಚಿಗೆ, ಅಂದರೆ ಕಾವಲು ಪಾಳಿಗೆ, ನಿಂತಾಗ ಎಡಗಡೆಗೆ ಆ ದೀಪಗಳು ಕಾಣುತ್ತವೆ. ಅವುಗಳಲ್ಲಿ ಒಂದು ನನ್ನ ಸೋದರಮಾವನ ಬೋಟಿನದ್ದಾಗಿರಬಹುದು. ಮಾವ ಮೂವತ್ತು ವರ್ಷದಿಂದ ತಾಂಡೇಲ, ಬೋಟು ನಡೆಸುವವರು.

ಕಳೆದ ರಜೆಯಲ್ಲಿ ಮನೆಗೆ ಬಂದಾಗ ಅವರು ಕೇಳಿದರು: "ಅಲ್ಲ ಮಾರಾಯ, ನಿಮ್ಮ ದೊಡ್ಡ ಹಡಗಿಗೆ ನಾವು ಕಾಣುವುದುಂಟಾ?"

ಉಂಟು ಎಂದು ಥಟ್ಟನೆ ಹೇಳಲು ನನಗೆ ಬಾಯಿ ಬರಲಿಲ್ಲ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದಾಚೆ ನಡುಕಡಲಲ್ಲಿ ಬೇಪೂರಿನ 'ರಬಾಹ್' ಬೋಟಿಗೂ ಒಂದು ಕಂಟೇನರ್ ಹಡಗಿಗೂ ಡಿಕ್ಕಿಯಾದದ್ದು ಅವರಿಗೂ ನೆನಪಿದೆ, ನನಗೂ ನೆನಪಿದೆ. ಬೋಟಿನಲ್ಲಿದ್ದವರು 14 ಜನ, ಜೀವಂತ ಸಿಕ್ಕಿದವರು ಇಬ್ಬರು. ಮಾವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಡಿಕ್ಕಿ ತಪ್ಪಿಸಲೆಂದು ಬ್ರಿಜ್‌ನಲ್ಲಿ ಇಟ್ಟಿರುವ ಮೂರು ಸಾಧನಗಳನ್ನು ನಾನು ಬಳಸಿದ್ದೇನೆ. ಆರ್ಪಾ ಎಂಬ ಲೆಕ್ಕದ ವ್ಯವಸ್ಥೆ ಇರುವ ರಾಡಾರ್ ಮತ್ತು ಹಡಗುಗಳು ತಮ್ಮ ಗುರುತನ್ನು ತಾವೇ ಸಾರುವ ಎಐಎಸ್ ಎಲ್ಲ ಹಡಗುಗಳಲ್ಲೂ ಇದ್ದವು. ಕೊನೆಯ ಹಡಗಿನಲ್ಲಿ ಮೂರನೆಯದೂ ಇತ್ತು. ಕ್ಯಾಮೆರಾ, ರಾಡಾರ್, ಎಐಎಸ್ ಮೂರನ್ನೂ ಸೇರಿಸಿ "ಇಷ್ಟು ಡಿಗ್ರಿ ಬಲಕ್ಕೆ ತಿರುಗು" ಎಂದು ದಾರಿಯನ್ನೇ ಗೆರೆ ಎಳೆದು ತೋರಿಸುವ ಹೊಸ ಪರದೆ ಅದು.

ಮೊದಲು ಆರ್ಪಾ. ರಾಡಾರಿನಲ್ಲಿ ಕಾಣುವ ಚುಕ್ಕೆಯನ್ನು ಬೆನ್ನುಹತ್ತಿ ಅದರ ವೇಗ, ದಿಕ್ಕು ಲೆಕ್ಕ ಹಾಕುವುದು ಇದರ ಕೆಲಸ. ನಮಗೆ ಬೇಕಾಗುವುದು ಎರಡು ಅಂಕಿ. ಸಿಪಿಎ ಎಂದರೆ ಎರಡು ಹಡಗು ಅತಿ ಹತ್ತಿರ ಬಂದಾಗ ನಡುವೆ ಉಳಿಯುವ ದೂರ. ಟಿಸಿಪಿಎ ಎಂದರೆ ಅದಕ್ಕೆ ಇನ್ನೆಷ್ಟು ನಿಮಿಷ ಎಂಬುದು. ಆರು ಕಡಲ ಮೈಲಿ ಆಚೆ ಇರುವ ಹಡಗೂ ನಾವೂ ಎದುರುಬದುರಾಗಿ, ಇಬ್ಬರ ವೇಗ ಕೂಡಿ 25 ನಾಟ್ (ಗಂಟೆಗೆ 25 ಕಡಲ ಮೈಲಿ) ಆದರೆ, ಕೈಯಲ್ಲಿರುವುದು ಸುಮಾರು 14 ನಿಮಿಷ. ನಮ್ಮದರಂಥ ಬಲ್ಕ್ ಹಡಗಿಗೆ (ಸರಕನ್ನು ರಾಶಿಯಾಗಿ ಸುರಿದು ಒಯ್ಯುವ ಹಡಗು) ಅದು ಧಾರಾಳ ಸಮಯವೇನಲ್ಲ.

ಆರ್ಪಾದ ಮೇಲೆ ನನ್ನ ನಂಬಿಕೆ ಗಟ್ಟಿಯಾದದ್ದು ಅದರ ತಪ್ಪುಗಳ ಗುರುತು ಸಿಕ್ಕಿದ ಮೇಲೆ. ಒಂದು ಚುಕ್ಕೆಯನ್ನು ಹಿಡಿದ ಒಂದು ನಿಮಿಷಕ್ಕೆ ಅದು ಹೇಳುವುದು ಬರೀ ಅಂದಾಜು. ಪೂರ್ತಿ ಲೆಕ್ಕಕ್ಕೆ ಮೂರು ನಿಮಿಷ ಬೇಕು. ಆ ನಡುವೆ ಎದುರಿನವನು ತಿರುಗಿದರೆ, ಅಥವಾ ನಾನೇ ತಿರುಗಿದರೆ, ಅಂಕಿಗಳು ಹಳಸಿದ ಸುದ್ದಿ ಹೇಳುತ್ತಿರುತ್ತವೆ. ಎರಡು ಚುಕ್ಕೆ ತೀರ ಹತ್ತಿರ ಬಂದರೆ ಒಂದರ ಗುರುತು ಇನ್ನೊಂದಕ್ಕೆ ಹಾರುತ್ತದೆ. ವೇಗವನ್ನು ನೀರಿನ ಲೆಕ್ಕದಲ್ಲಿ ಕೊಡದೆ ಜಿಪಿಎಸ್‌ನ ನೆಲದ ಲೆಕ್ಕದಲ್ಲಿ ಕೊಟ್ಟರೆ, ಸೆಳೆತ ಜೋರಿರುವ ಕಡೆ ಎದುರಿನ ಹಡಗು ಯಾವ ಕಡೆ ಮುಖ ಮಾಡಿದೆ ಎಂಬುದೇ ತಪ್ಪಾಗಿ ಕಾಣುತ್ತದೆ. ಇವೆಲ್ಲ ಗೊತ್ತಿರುವ, ಪ್ರತಿ ಸಲ ಒಂದೇ ರೀತಿ ಆಗುವ ತಪ್ಪುಗಳು. ಹಾಗಾಗಿ ಮೂರು ನಿಮಿಷ ಕಾಯುತ್ತೇನೆ, ರೆಪೀಟರಿನಲ್ಲಿ, ಅಂದರೆ ದಿಕ್ಸೂಚಿಯ ಫಲಕದಲ್ಲಿ, ಬೇರಿಂಗ್ ತೆಗೆಯುತ್ತೇನೆ: ಆ ಹಡಗು ಎಷ್ಟು ಡಿಗ್ರಿಯ ದಿಕ್ಕಿನಲ್ಲಿದೆ ಎಂದು ನೋಡುತ್ತೇನೆ. ಹತ್ತಿರ ಬರುತ್ತಿರುವ ಹಡಗಿನ ಬೇರಿಂಗ್ ಬದಲಾಗುತ್ತಿಲ್ಲ ಎಂದರೆ ಡಿಕ್ಕಿಯ ಅಪಾಯ ಇದೆ ಎಂದೇ ತಿಳಿಯಬೇಕು. ಹಡಗುಗಳ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಏಳನೆಯದು ಹೇಳುವುದು ಇದನ್ನೇ. ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ಅರೆಬರೆ ರಾಡಾರ್ ಮಾಹಿತಿಯ ಮೇಲೆ, ಊಹೆ ಕಟ್ಟಬಾರದು ಎಂಬ ಮಾತು ಇರುವುದೂ ಅದೇ ನಿಯಮದಲ್ಲಿ.

ಆ ಸಾಲಿನ ಅರ್ಥ ತಿಳಿಯಲು 1956ರ ಜುಲೈ 25ರ ರಾತ್ರಿ ಸಾಕು. ಅಮೆರಿಕದ ನ್ಯಾನ್‌ಟಕೆಟ್ ದ್ವೀಪದ ಹತ್ತಿರ ಆಂಡ್ರಿಯಾ ಡೋರಿಯಾ, ಸ್ಟಾಕ್‌ಹೋಮ್ ಎಂಬ ಎರಡು ಪ್ರಯಾಣಿಕ ಹಡಗುಗಳು ರಾಡಾರಿನಲ್ಲಿ ಪರಸ್ಪರ ನೋಡುತ್ತಲೇ ಬಂದು ಡಿಕ್ಕಿ ಹೊಡೆದವು. ಒಂದು ಎಡಕ್ಕೆ ತಿರುಗಿತು, ಇನ್ನೊಂದು ಬಲಕ್ಕೆ. ಸತ್ತವರು 51 ಜನ. ಎರಡೂ ಹಡಗುಗಳಲ್ಲಿ ರಾಡಾರ್ ಕೆಲಸ ಮಾಡುತ್ತಿತ್ತು. ಎದುರಿನವನು ಏನು ಮಾಡುತ್ತಾನೆ ಎಂದು ಎರಡೂ ಬ್ರಿಜ್‌ಗಳಲ್ಲಿ ಮನಸ್ಸಿನಲ್ಲೇ ಕಥೆ ಕಟ್ಟಿಕೊಂಡಿದ್ದರು, ಪರದೆಯ ಚುಕ್ಕೆ ಆ ಕಥೆಗೆ ಹೊಂದಿಕೊಂಡು ಕಂಡಿತು.

ಆರ್ಪಾದ ನಿಜವಾದ ಕೊರತೆ ಮಾವನ ಬೋಟು. ಉಕ್ಕಿನ ಹಡಗು ಹತ್ತು ಹನ್ನೆರಡು ಮೈಲಿಯಿಂದ ಚೆನ್ನಾಗಿ ಬೆಳಗುತ್ತದೆ. ಮರ, ಫೈಬರಿನ ಬೋಟು ರಾಡಾರಿನ ಅಲೆಯನ್ನು ಅಷ್ಟು ಚೆನ್ನಾಗಿ ಹಿಂದಕ್ಕೆ ಕಳಿಸುವುದಿಲ್ಲ. ಕಡಲು ಎದ್ದಿದ್ದರೆ ತೆರೆಗಳ ಬಿಳಿ ಚುಕ್ಕೆಗಳು ಪರದೆ ತುಂಬುತ್ತವೆ. ಅದನ್ನು ಒರೆಸಲು ಸೀ ಕ್ಲಟರ್ ಗುಂಡಿ ಸ್ವಲ್ಪ ಹೆಚ್ಚು ತಿರುಗಿಸಿದರೆ ತೆರೆಯ ಜೊತೆ ಬೋಟೂ ಹೋಗಿಬಿಡುತ್ತದೆ. ಪರದೆ ಶುಭ್ರವಾಗಿ ಕಾಣುವ ಆ ಗಳಿಗೆಯೇ ನನಗೆ ಹೆಚ್ಚು ಭಯ.

ಇನ್ನು ಎಐಎಸ್. ಇದಿರುವ ಪ್ರತಿ ಹಡಗೂ ವಿಎಚ್‌ಎಫ್ ರೇಡಿಯೋದಲ್ಲಿ ತನ್ನ ಹೆಸರು, ಸ್ಥಾನ, ವೇಗ, ದಿಕ್ಕನ್ನು ತಾನೇ ಸಾರುತ್ತಿರುತ್ತದೆ. ಓಡುತ್ತಿರುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ ಹೇಳುತ್ತದೆ. ಎದುರಿನ ಹಡಗು ಚುಕ್ಕಾಣಿ ತಿರುಗಿಸಿದರೆ ಆರ್ಪಾಕ್ಕೆ ತಿಳಿಯಲು ನಿಮಿಷಗಳು ಹಿಡಿಯುತ್ತವೆ, ಎಐಎಸ್‌ನಲ್ಲಿ ಮೂತಿ ತಿರುಗಿದ್ದು ಕೂಡಲೇ ಕಾಣುತ್ತದೆ. ಮಳೆಯ ಹೊಡೆತಕ್ಕೆ ರಾಡಾರ್ ಮಂಕಾದಾಗಲೂ, ದ್ವೀಪದ ಮರೆಯಲ್ಲಿ ಹಡಗು ಇದ್ದಾಗಲೂ ಇದು ಹೇಳುತ್ತದೆ. ಅಲ್ಲೆಲ್ಲ ಎಐಎಸ್ ಮುಂದೆ ಎಂದು ಒಪ್ಪುತ್ತೇನೆ.

ಆದರೆ ಆರ್ಪಾ ತೋರಿಸುವುದು ನಾನು ಕಂಡದ್ದನ್ನು, ಎಐಎಸ್ ತೋರಿಸುವುದು ಅವನು ಹೇಳಿದ್ದನ್ನು. ಹದಿನಾಲ್ಕು ನಾಟ್‌ನಲ್ಲಿ ಓಡುತ್ತಿದ್ದ ಹಡಗು "ಲಂಗರು ಹಾಕಿದ್ದೇನೆ" ಎಂದು ಸಾರುತ್ತಿದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಂದರು ಬಿಟ್ಟ ಮೇಲೆ ಅಲ್ಲಿ ಯಾರೋ ಬದಲಾಯಿಸಲು ಮರೆತಿರುತ್ತಾರೆ. ಪೂರ್ವ ಚೀನಾ ಕಡಲಿನಲ್ಲಿ ಬಲೆಗಳಿಗೇ ಎಐಎಸ್ ಕಟ್ಟಿರುತ್ತಾರೆ, ಪರದೆ ತುಂಬ ಹಡಗಿನ ತ್ರಿಕೋನಗಳು, ನೀರಿನಲ್ಲಿ ಬರೀ ತೇಲುಬುರುಡೆ. ಹೋರ್ಮುಜ್ ಕಡೆ ಜಿಪಿಎಸ್ ಕೆಡಿಸಿದ ದಿನಗಳಲ್ಲಿ ಹಡಗುಗಳು ನೆಲದ ಮೇಲೆ ಓಡುತ್ತಿರುವಂತೆ ಕಾಣುತ್ತವೆ. ಮಾವನ ಬೋಟಿನಲ್ಲಿ ಎಐಎಸ್ ಇಲ್ಲವೇ ಇಲ್ಲ, ಆದ್ದರಿಂದ ಎಐಎಸ್‌ನ ಮಟ್ಟಿಗೆ ಮಾವ ಕಡಲಿನಲ್ಲೇ ಇಲ್ಲ. ಆರ್ಪಾ, ಎಐಎಸ್ ಎರಡನ್ನೂ ಬೆಸೆದು ಒಂದೇ ಗುರುತು ತೋರಿಸುವ ಸೌಲಭ್ಯವನ್ನು ನಾನು ದಟ್ಟಣೆಯಲ್ಲಿ ಆಫ್ ಮಾಡಿಯೇ ಇಡುತ್ತೇನೆ. ಎರಡು ಗುರುತು ಬೇರೆಯಾದರೆ ಏನೋ ತಪ್ಪಿದೆ ಎಂದಾದರೂ ತಿಳಿಯುತ್ತದೆ.

ಮೂರನೆಯದಾದ ಸಲಹೆಯ ಪರದೆಯ ಬಗ್ಗೆ ಹೇಳುವುದು ಹೆಚ್ಚಿದೆ, ಏಕೆಂದರೆ ಅದರ ಮೇಲಿನ ನನ್ನ ನಂಬಿಕೆ ಒಂದೇ ಕಡೆ ನಿಲ್ಲಲಿಲ್ಲ.

ಮೊದಲ ವಾರ ಅದರ ಕೂಗು ತಡೆಯಲಾಗಲಿಲ್ಲ. ಮಲಕ್ಕಾ ಜಲಸಂಧಿಯಲ್ಲಿ ಸುತ್ತಮುತ್ತ ಹತ್ತಾರು ಹಡಗು ಇರುವುದೇ ಮಾಮೂಲು. ಪ್ರತಿಯೊಂದಕ್ಕೂ ಅಲಾರಂ. ನೋಡದೆಯೇ ಬೆರಳು ಒತ್ತಿ ಸುಮ್ಮನಾಗಿಸುವುದು ಕೈಗೆ ರೂಢಿಯಾಯಿತು. ಆಮೇಲೆ ಸಿಂಗಾಪುರದ ಹತ್ತಿರ ಒಂದು ರಾತ್ರಿ ಮೂರು ಗಂಟೆಗೆ, ದಡದ ದೀಪಗಳ ರಾಶಿಯ ಮುಂದೆ ದೀಪವಿಲ್ಲದ ಸಣ್ಣ ದೋಣಿಯೊಂದನ್ನು ಅದರ ಶಾಖ ಗ್ರಹಿಸುವ ಕ್ಯಾಮೆರಾ ಹಿಡಿದುಕೊಟ್ಟಿತು. ನನ್ನ ಕಣ್ಣಿಗಾಗಲಿ ಲುಕ್‌ಔಟ್‌ಗೆ (ಸುತ್ತ ಕಣ್ಣಿಟ್ಟು ಕಾಯುವ ಕೆಲಸಕ್ಕೆ) ನಿಂತವನ ಕಣ್ಣಿಗಾಗಲಿ ಅದು ಬಿದ್ದಿರಲಿಲ್ಲ. ಆ ದೋಣಿಯಲ್ಲಿದ್ದವರು ಯಾರೋ ತಿಳಿಯದು, ಅವರ ಪರವಾಗಿ ಆ ಯಂತ್ರಕ್ಕೆ ನಾನು ಋಣಿ.

ಅಂದಿನಿಂದ ನಂಬಿಕೆ ಇನ್ನೊಂದು ತುದಿಗೆ ಓಡಿತು. ಕಿಟಕಿಗೆ ಹೋಗುವ ಮೊದಲು ಪರದೆಗೆ ಹೋಗುತ್ತಿದ್ದೇನೆ ಎಂಬುದು ಮೂರನೆಯ ವಾರದಲ್ಲಿ ನನ್ನ ಗಮನಕ್ಕೆ ಬಂತು. ಆರ್ಪಾ ಅಂಕಿ ಕೊಟ್ಟು ಬಿಟ್ಟುಬಿಡುತ್ತದೆ, ಮುಂದಿನ ಯೋಚನೆ ನನ್ನದು. ಇದು ಯೋಚನೆಯನ್ನೂ ಮುಗಿಸಿ ಕೊಡುತ್ತದೆ. ಮುಗಿದ ಉತ್ತರವನ್ನು ಮತ್ತೆ ಬಿಚ್ಚಿ ನೋಡಲು ರಾತ್ರಿ ಎರಡೂವರೆಗೆ ದಣಿದ ತಲೆ ಒಪ್ಪುವುದಿಲ್ಲ.

ಕಣ್ಣು ತೆರೆಸಿದ್ದು ಕಾರವಾರದಿಂದಾಚೆ. ಸ್ಟಾರ್‌ಬೋರ್ಡ್, ಅಂದರೆ ಬಲ ಕಡೆಗೆ ತುಸು ವಾಲಿ ಮುಂದೆ ಒಂದು ಬೋಟು. ಪರದೆಯ ಸಲಹೆ: ಬಲಕ್ಕೆ 18 ಡಿಗ್ರಿ, ಒಂದು ಮೈಲಿ ಬಿಟ್ಟು ಹಾದುಹೋಗು. ಲೆಕ್ಕ ಸರಿಯಾಗಿಯೇ ಇತ್ತು. ದುರ್ಬೀನಿನಲ್ಲಿ ನೋಡಿದೆ. ಕೆಂಪು ದೀಪದ ಕೆಳಗೆ ಬಿಳಿ ದೀಪ, ಅದರಿಂದ ಬಲಕ್ಕೆ ತಗ್ಗಿನಲ್ಲಿ ಇನ್ನೊಂದು ಬಿಳಿ, ಮತ್ತೂ ದೂರ ನೀರಿನ ಮಟ್ಟದಲ್ಲಿ ಮಿಣುಕು. ಹಾಯಿಸಿ ಬಿಡುವ ಉದ್ದ ಬಲೆ ಅದು. 150 ಮೀಟರಿಗಿಂತ ಹೆಚ್ಚು ಚಾಚಿದ ಬಲೆ ಇದ್ದರೆ ಅದು ಇರುವ ದಿಕ್ಕಿಗೆ ಬಿಳಿ ದೀಪ ಹಾಕಬೇಕೆಂದು ನಿಯಮವಿದೆ. ಈ ಬಗೆಯ ಬಲೆ ಕಿಲೋಮೀಟರುಗಟ್ಟಲೆ ಇರುತ್ತದೆ. ಚಿಕ್ಕಂದಿನಲ್ಲಿ ಮಾವನ ಜೊತೆ ಕೂತು ಅಂಥ ಬಲೆಯ ಹರಕು ಹೆಣೆದವನು ನಾನು, ಅದನ್ನು ಗುರುತಿಸಲು ನನಗೆ ಕ್ಷಣ ಬೇಕಾಗಲಿಲ್ಲ. ಪರದೆಗೆ ಬೋಟು ಒಂದು ಬಿಂದು. ಆ ಬಿಂದುವಿನಿಂದ ಒಂದು ಮೈಲಿ ಬಿಟ್ಟ ದಾರಿ ನೇರ ಬಲೆಯ ಮೇಲೆ ಹಾದುಹೋಗುತ್ತಿತ್ತು. ಮಾಸ್ಟರ್‌ಗೆ (ಹಡಗಿನ ಕ್ಯಾಪ್ಟನ್) ಫೋನ್ ಮಾಡಿ, ಎಡಗಡೆ ಖಾಲಿ ಇದೆಯೆಂದು ರಾಡಾರಿನಲ್ಲಿ ಖಚಿತಪಡಿಸಿಕೊಂಡು, ಬಲೆಯಿಲ್ಲದ ಎಡಕ್ಕೆ ತಿರುಗಿಸಿದೆ. ಪರದೆ ಕೆಂಪಾಗಿ ಕೂಗುತ್ತಲೇ ಇತ್ತು. ಮಾಸ್ಟರ್ ಬ್ರಿಜ್‌ಗೆ ಬಂದು ದುರ್ಬೀನು ಹಿಡಿದು ನೋಡಿ, "ಸರಿ, ಹಾಗೇ ಹೋಗು" ಎಂದರು.

ಆಮೇಲಿನ ಎರಡು ತಿಂಗಳು ಬೇರೆ ಕ್ರಮ ಹಿಡಿದೆ. ಪರದೆಯ ಸಲಹೆ ಕಾಣದ ಹಾಗೆ ಇಟ್ಟು, ಏನು ಮಾಡುತ್ತೇನೆ ಎಂದು ಮೊದಲು ಪುಸ್ತಕದಲ್ಲಿ ಬರೆಯುವುದು, ಆಮೇಲೆ ಸಲಹೆ ನೋಡುವುದು. ತೆರೆದ ಕಡಲಿನಲ್ಲಿ ದೊಡ್ಡ ಹಡಗು ಅಡ್ಡ ಬರುವಾಗ ನಾವಿಬ್ಬರೂ ಬಹುತೇಕ ಒಂದೇ ಮಾತು. ಅದು ನನಗಿಂತ ಬೇಗ ತಿರುಗಲು ಹೇಳುತ್ತಿತ್ತು, ಅದರಿಂದ ನಾನು ನಿಜವಾಗಿ ಕಲಿತೆ. ಈಗ ಮುಂಚಿಗಿಂತ ಎರಡು ಮೈಲಿ ಮೊದಲೇ ತಿರುಗುತ್ತೇನೆ. ಆದರೆ ಅದಕ್ಕೆ ಇಂಧನ ಉಳಿಸುವ ಆಸೆಯೂ ಇದ್ದಂತಿತ್ತು, 6 ಡಿಗ್ರಿ, 7 ಡಿಗ್ರಿಯ ಸಣ್ಣ ತಿರುವು ಸೂಚಿಸುತ್ತಿತ್ತು. ತಿರುವು ಎದುರಿನವನಿಗೆ ಎದ್ದು ಕಾಣುವಷ್ಟು ದೊಡ್ಡದಿರಬೇಕು ಎಂಬುದು ಎಂಟನೆಯ ನಿಯಮ. 6 ಡಿಗ್ರಿ ತಿರುಗಿದ್ದನ್ನು ಬೇರೆ ಬ್ರಿಜ್‌ನಿಂದ ಕಣ್ಣಿಗಾಗಲಿ ರಾಡಾರಿನಲ್ಲಾಗಲಿ ಗುರುತಿಸುವುದು ಕಷ್ಟ. ಮೀನುಗಾರಿಕೆ ಬೋಟುಗಳಿರುವಲ್ಲಂತೂ ನಮ್ಮಿಬ್ಬರ ಉತ್ತರ ಮತ್ತೆ ಮತ್ತೆ ಬೇರೆಯಾಯಿತು.

ವಿಮಾನದವರು ಯಂತ್ರ ಹೇಳಿದ ಹಾಗೆ ಕೇಳುತ್ತಾರಲ್ಲ, ನಿಮಗೇನು ತೊಂದರೆ ಎಂದು ಗೆಳೆಯನೊಬ್ಬ ಕೇಳಿದ್ದ. ನ್ಯಾಯವಾದ ಪ್ರಶ್ನೆ. 2002ರ ಜುಲೈ 1ರಂದು ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ಒಂದು ವಿಮಾನದ ಟಿಕಾಸ್ (ಡಿಕ್ಕಿ ತಪ್ಪಿಸಲು ಪೈಲಟ್‌ಗೆ ಸೂಚನೆ ಕೊಡುವ ಯಂತ್ರ) "ಮೇಲೇರು" ಎಂದಿತು, ನೆಲದ ನಿಯಂತ್ರಕರು "ಕೆಳಗಿಳಿ" ಎಂದರು. ಪೈಲಟ್‌ಗಳು ಮನುಷ್ಯನ ಮಾತು ಕೇಳಿ ಇಳಿದರು. ಎದುರಿನ ವಿಮಾನ ತನ್ನ ಟಿಕಾಸ್ ಮಾತು ಕೇಳಿ ಅದೂ ಇಳಿಯುತ್ತಿತ್ತು. 71 ಜನ ಸತ್ತರು. ಅಂಥ ಹೊತ್ತಿನಲ್ಲಿ ಯಂತ್ರದ ಮಾತೇ ಅಂತಿಮ ಎಂಬುದು ಆಮೇಲೆ ಇನ್ನಷ್ಟು ಸ್ಪಷ್ಟವಾಯಿತು. ಅಲ್ಲಿ ಅದು ಸರಿ, ಏಕೆಂದರೆ ಎರಡು ವಿಮಾನಗಳ ಟಿಕಾಸ್‌ಗಳು ತಮ್ಮೊಳಗೆ ಮಾತಾಡಿಕೊಂಡು ಒಂದಕ್ಕೆ ಮೇಲೆ, ಇನ್ನೊಂದಕ್ಕೆ ಕೆಳಗೆ ಎಂದು ಹಂಚಿಕೊಂಡಿರುತ್ತವೆ. ನನ್ನ ಪರದೆ ಯಾರ ಜೊತೆಗೂ ಮಾತಾಡಿರುವುದಿಲ್ಲ. ಎದುರಿನ ಹಡಗಿನಲ್ಲಿ ಬೇರೆ ಕಂಪನಿಯ ಪರದೆ ಇರಬಹುದು, ನಿದ್ದೆಗಣ್ಣಿನ ಮನುಷ್ಯ ಇರಬಹುದು, ಬಲೆ ಎಳೆಯುತ್ತಿರುವ ಮಾವ ಇರಬಹುದು.

ಹಾಗಾಗಿ ಆರಿಸು ಎಂದರೆ ನನ್ನ ಆಯ್ಕೆ ಆರ್ಪಾ, ಪಕ್ಕದಲ್ಲಿ ದುರ್ಬೀನು ಮತ್ತು ಬೇರಿಂಗ್. ಎಐಎಸ್ ಹೆಸರಿಗೂ, ತಿರುವಿನ ಮೊದಲ ಸುಳಿವಿಗೂ. ಸಲಹೆಯ ಪರದೆಯನ್ನು ತೆಗೆದುಹಾಕಿ ಎನ್ನುವುದಿಲ್ಲ. ಅದರ ಕ್ಯಾಮೆರಾ ಪ್ರತಿ ಹಡಗಿಗೂ ಬೇಕು, ದಾರಿಯ ಗೆರೆ ಮಾತ್ರ ನಾನು ಕೇಳಿದ ಮೇಲೆ ಬರಲಿ.

ಇಷ್ಟನ್ನೂ ಮಾವನಿಗೆ ಹೇಳಲಿಲ್ಲ. "ದೋಣಿ ತುದಿಯಲ್ಲಿ ರಾಡಾರ್ ರಿಫ್ಲೆಕ್ಟರ್ ಉಂಟಾ?" ಎಂದು ಕೇಳಿದೆ. ಇರಲಿಲ್ಲ. ಅಲ್ಯೂಮಿನಿಯಂ ಹಾಳೆಗಳನ್ನು ಮೂಲೆ ಮೂಲೆಯಾಗಿ ಜೋಡಿಸಿದ ಹಗುರ ವಸ್ತು, ಬಂದ ಅಲೆಯನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ, ಕರೆಂಟು ಬೇಡ. ಮರುವಾರ ಇಬ್ಬರೂ ಸೇರಿ ಕಂಬದ ತುದಿಗೆ ಕಟ್ಟಿದೆವು. ಕೆಳಗಿನಿಂದ ಮಾವ ಕೂಗಿದರು, "ಇನ್ನೂ ಸ್ವಲ್ಪ ಮೇಲೆ ಕಟ್ಟು!"