ಈಜಬಹುದಾದ ಕಡಲನ್ನು ಹುಡುಕುತ್ತ: ಮಡಿಕೇರಿಯಿಂದ ಪಡುಬಿದ್ರಿಗೆ

ಕಾಫಿ ಕುಯಿಲು ಮುಗಿದು, ಗಿಡ ಹೂಬಿಡಲು ಬೇಕಾದ ಹೂಮಳೆಯೂ ಬಿದ್ದು, ಮಕ್ಕಳ ಪರೀಕ್ಷೆಯ ಗಡಿಬಿಡಿ ತೀರಿದ ಮೇಲೆ ಕೊಡಗಿನ ತೋಟದ ಮನೆಗಳಿಗೆ ಎರಡು ಮೂರು ವಾರಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಘಟ್ಟ ಇಳಿದು ಸಮುದ್ರ ನೋಡಿ ಬರುವುದು ನಮ್ಮ ಮನೆಯಲ್ಲಿ ಹಲವು ವರ್ಷಗಳ ರೂಢಿ. ಮಡಿಕೇರಿಯವರಾದ ನಮಗೆ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ ಹಾದು ಮಂಗಳೂರು. ವಿರಾಜಪೇಟೆಯ ಭಾವನ ಮನೆಯವರಿಗೆ ಮಾಕುಟ್ಟದ ಘಾಟಿ ಇಳಿದರೆ ಇರಿಟ್ಟಿ, ಅಲ್ಲಿಂದ ಕಣ್ಣೂರು. ಸಮುದ್ರ ಇಷ್ಟು ಹತ್ತಿರದಲ್ಲಿದ್ದರೂ ಅದರೊಳಗೆ ಇಳಿಯುವ ವಿಷಯದಲ್ಲಿ ನಾವು ಬಹಳ ಕಾಲ ಏನೂ ತಿಳಿಯದವರಾಗಿಯೇ ಇದ್ದೆವು. ಎರಡು ರೆಸಾರ್ಟ್‌ಗಳಲ್ಲಿ ತಂಗಿ, ಎರಡು ಕಡಲತೀರಗಳಲ್ಲಿ ನೀರಿಗಿಳಿದು ಬಂದ ಮೇಲೆ, ಕುಟುಂಬದೊಂದಿಗೆ ಹೊರಡುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಎರಡು ವರ್ಷಗಳ ಹಿಂದಿನ ಮಾತು. ಆ ರೆಸಾರ್ಟ್‌ನ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಫೋಟೊಗಳಲ್ಲಿ ತೆಂಗಿನ ಮರಗಳ ನಡುವೆ ಹಸಿರು ಹುಲ್ಲು, ನೀಲಿ ಈಜುಕೊಳ, ಅದರಾಚೆ ಬಂಗಾರದ ಬಣ್ಣದ ಸಂಜೆ, ಕೆಳಗೆ ‘ಖಾಸಗಿ ಬೀಚ್’ ಎಂಬ ಒಕ್ಕಣೆ ಇದ್ದವು. ಹೋಗಿ ನೋಡಿದರೆ ಅಂಗಳದ ಅಂಚಿಗೆ ಕಡಲ್ಕೊರೆತ ತಡೆಯಲು ಪೇರಿಸಿದ ಬಂಡೆಗಲ್ಲುಗಳ ಗೋಡೆಯಿತ್ತು. ಅದರ ನಡುವೆ ಪಾಚಿ ಹಿಡಿದ ಸಿಮೆಂಟಿನ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ಹತ್ತು ಹೆಜ್ಜೆ ಅಗಲದ ಮರಳು. ಉಬ್ಬರದ ಹೊತ್ತಿಗೆ ಆ ಮರಳೂ ಕಾಣುತ್ತಿರಲಿಲ್ಲ. ಖಾಸಗಿ ಎಂಬ ಮಾತಿನಲ್ಲಿಯೂ ಅರ್ಥವಿರಲಿಲ್ಲ, ಏಕೆಂದರೆ ಉಬ್ಬರದ ಗೆರೆಯಿಂದ ಕೆಳಗಿನ ದಂಡೆ ಯಾವ ರೆಸಾರ್ಟ್‌ನ ಸ್ವತ್ತೂ ಅಲ್ಲ. ಇಲ್ಲಿ ಈಜಬಹುದೇ ಎಂದು ಮ್ಯಾನೇಜರರನ್ನು ಕೇಳಿದಾಗ ಅವರು, "ಧಾರಾಳವಾಗಿ ಇಳಿಯಿರಿ ಸಾರ್, ಎಲ್ಲರೂ ಇಳಿಯುತ್ತಾರೆ, ಏನೂ ಆಗುವುದಿಲ್ಲ" ಎಂದರು.

ಹದಿನೇಳರ ವಯಸ್ಸಿನ ನಮ್ಮ ಸೋದರಳಿಯ ತೋಟದ ಕೆರೆಯಲ್ಲಿ ಬಾಳೆದಿಂಡು ಹಿಡಿದು ಈಜು ಕಲಿತವನು. ಹಾರಂಗಿಯ ಹಿನ್ನೀರನ್ನು ನೋಡಿದರೂ ಅಂಜದ ಹುಡುಗ. ಅವನು ಸೊಂಟದ ನೀರಿನಲ್ಲಿ ನಿಂತಿದ್ದಾಗ ಒಂದು ಅಲೆ ಬಂದು ಹಿಂದಿರುಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು, ಅದರ ಹಿಂದೆಯೇ ಅವನೂ ಹೋದ. ದಡದತ್ತ ಮುಖ ಮಾಡಿ ಬಲವಾಗಿ ಕೈ ಬೀಸುತ್ತಿದ್ದರೂ ಇದ್ದ ಜಾಗದಿಂದ ಒಂದು ಮೊಳವೂ ಮುಂದೆ ಬರುತ್ತಿರಲಿಲ್ಲ. ದೂರದಲ್ಲಿ ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಓಡಿ ಬಂದು, "ಇತ್ತ ಬರಬೇಡ, ಅಡ್ಡಕ್ಕೆ ಈಜು, ಅಡ್ಡಕ್ಕೆ" ಎಂದು ಕೂಗಿ ಕೈಯಿಂದ ಬಡಗು ದಿಕ್ಕು ತೋರಿಸಿದರು. ಅವನು ಹಾಗೆಯೇ ಮಾಡಿ, ಸ್ವಲ್ಪ ದೂರ ಅಡ್ಡಕ್ಕೆ ಹೋದ ಮೇಲೆ ಅಲೆಯೇ ಅವನನ್ನು ತಂದು ದಡಕ್ಕೆ ಹಾಕಿತು. ಆ ಹೊತ್ತಿಗೆ ರೆಸಾರ್ಟ್‌ನ ಸಿಬ್ಬಂದಿ ಒಬ್ಬರೂ ಹೊರಗೆ ಇರಲಿಲ್ಲ. ಜೀವರಕ್ಷಕ ಬಳೆಯಿರಲಿ, ಒಂದು ಹಗ್ಗವೂ ಅಲ್ಲಿರಲಿಲ್ಲ.

ಆ ದಿನ ನಡೆದದ್ದೇನೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ದಂಡೆಗೆ ಬಂದು ಒಡೆದ ಅಲೆಗಳ ನೀರು ಹಿಂದಿರುಗಲೇಬೇಕಲ್ಲವೇ? ನೀರಿನಡಿಯ ಮರಳದಿಬ್ಬ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ಅದು ಒಟ್ಟುಗೂಡಿ, ಕಿರಿದಾದ ಕಾಲುವೆಯಂತೆ ಸಮುದ್ರದ ಕಡೆಗೆ ಹರಿಯುತ್ತದೆ. ಈ ಸೆಳೆತ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಅಡಿಯಷ್ಟಿದ್ದರೂ ಕೆಲವೊಮ್ಮೆ ಎಂಟು ಅಡಿಯವರೆಗೆ ಏರುತ್ತದೆಂದು ಅಳೆದವರು ಹೇಳಿದ್ದಾರೆ; ಆ ವೇಗದ ಎದುರು ಒಲಿಂಪಿಕ್ಸ್ ಈಜುಗಾರನ ತೋಳೂ ಸೋಲುತ್ತದೆ. ಅದು ಯಾರನ್ನೂ ಅಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಮುಳುಗುವವರು ಹೆಚ್ಚಾಗಿ ಅದರ ವಿರುದ್ಧ ಈಜಿ ದಣಿದವರು. ಹೊಸಬರನ್ನು ಮೋಸಗೊಳಿಸುವ ಸಂಗತಿ ಇನ್ನೊಂದಿದೆ: ಎರಡು ಕಡೆ ಅಲೆಗಳು ಬೆಳ್ಳಗೆ ಒಡೆಯುತ್ತಿರುವಾಗ ನಡುವೆ ಶಾಂತವಾಗಿ, ತುಸು ಕಪ್ಪಾಗಿ ಕಾಣುವ ನೀರೇ ಆ ಸೆಳೆತದ ದಾರಿ. ಕೆರೆಯ ಈಜುಗಾರ ಅಲೆಯಿಲ್ಲದ ಜಾಗವೇ ಸುರಕ್ಷಿತವೆಂದು ಅಲ್ಲಿಗೇ ಇಳಿಯುತ್ತಾನೆ. ನಮ್ಮ ಹುಡುಗನೂ ಹಾಗೆಯೇ ಇಳಿದಿದ್ದ.

ಆದ್ದರಿಂದ ಕಳೆದ ಏಪ್ರಿಲ್‌ನಲ್ಲಿ ನಾವು ಕ್ರಮವನ್ನೇ ತಿರುಗಿಸಿದೆವು. ಮೊದಲು ದಂಡೆಯನ್ನು ಆರಿಸಿ, ಅದರ ಹತ್ತಿರ ಯಾವ ಕೊಠಡಿ ಸಿಗುತ್ತದೆಂದು ಆಮೇಲೆ ನೋಡಿದೆವು. ಐದಾರು ರೆಸಾರ್ಟ್‌ಗಳಿಗೆ ಫೋನ್ ಮಾಡಿ ಎಸಿಯ ಬಗ್ಗೆಯೂ ಊಟದ ಬಗ್ಗೆಯೂ ಕೇಳುವ ಮುನ್ನ, ಹೊಳೆ ಕಡಲು ಸೇರುವ ಅಳಿವೆ ಎಷ್ಟು ದೂರದಲ್ಲಿದೆ, ದಂಡೆಯ ಮುಂದೆ ಕಲ್ಲುಗೋಡೆ ಇದೆಯೇ, ಸೊಂಟದ ಆಳಕ್ಕೆ ಎಷ್ಟು ದೂರ ನಡೆಯಬೇಕು, ಲೈಫ್‌ಗಾರ್ಡ್ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂದು ಕೇಳಿದೆ. ಹೆಚ್ಚಿನವರು ನಗುತ್ತ, ಸಮುದ್ರ ಅಂದರೆ ಸಮುದ್ರವೇ ಅಲ್ಲವೇ ಎಂಬ ಧಾಟಿಯಲ್ಲಿ ಉತ್ತರಿಸಿದರು. ಒಬ್ಬರು ಮಾತ್ರ, "ನಮ್ಮ ಎದುರಿನ ದಂಡೆಯಲ್ಲಿ ಈಜುವುದು ಬೇಡ ಸಾರ್, ಕಾಲು ತೋಯಿಸಿಕೊಳ್ಳಬಹುದು. ಈಜಬೇಕಾದರೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚಿಗೆ ಹೋಗಿ, ಕಾರಿನಲ್ಲಿ ಹತ್ತು ನಿಮಿಷ" ಎಂದರು. ನಾವು ಕೊಠಡಿ ಕಾಯ್ದಿರಿಸಿದ್ದು ಅವರಲ್ಲಿ.

ಇಳಿಜಾರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಫೋಟೊದಲ್ಲಿ ಕಾಣದಿರುವುದು ಅದೇ. ಮರಳು ದಪ್ಪ ಕಾಳಿನದಾಗಿದ್ದರೆ ದಂಡೆ ಸಾಮಾನ್ಯವಾಗಿ ಕಡಿದಾಗಿರುತ್ತದೆ; ಅಲೆ ಕಾಲ ಬುಡದಲ್ಲಿಯೇ ಎತ್ತಿ ಬಡಿಯುತ್ತದೆ, ನಾಲ್ಕು ಹೆಜ್ಜೆಗೆ ಎದೆಮಟ್ಟದ ನೀರು ಬರುತ್ತದೆ. ನಯವಾದ ಮರಳಿನ ದಂಡೆ ಸಪಾಟಾಗಿರುತ್ತದೆ. ಅಲೆಗಳು ದೂರದಲ್ಲಿಯೇ ಸಾಲುಸಾಲಾಗಿ ಒಡೆದು, ನಮ್ಮ ಬಳಿಗೆ ಬರುವಾಗ ಬಲಗುಂದಿರುತ್ತವೆ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೊಚ್ಚಿಕೊಂಡು ಹೋಗಿ, ಮಳೆ ಕಳೆದ ಮೇಲೆ ತಿಂಗಳುಗಟ್ಟಲೆ ಮೆಲ್ಲಗೆ ಹಿಂದಕ್ಕೆ ತರುವುದರಿಂದ, ಅಕ್ಟೋಬರ್‌ನಲ್ಲಿ ಕಡಿದಾಗಿ ಕಂಡ ಜಾಗ ಫೆಬ್ರುವರಿ ಹೊತ್ತಿಗೆ ಸಪಾಟಾಗಿರಬಹುದು. ರೆಸಾರ್ಟ್‌ನ ಫೋಟೊ ಯಾವ ತಿಂಗಳಲ್ಲಿ ತೆಗೆದದ್ದೆಂದು ಕೇಳುವುದು ತಮಾಷೆಯ ಪ್ರಶ್ನೆಯೇನೂ ಅಲ್ಲ.

ಪಡುಬಿದ್ರಿ ಮಂಗಳೂರಿನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಇದೆ. ಊರಿನ ಎಂಡ್ ಪಾಯಿಂಟ್ ಎಂಬಲ್ಲಿ, ಕಾಮಿನಿ ಹೊಳೆ ಒಂದು ಮಗ್ಗುಲಿಗೆ, ಸಮುದ್ರ ಇನ್ನೊಂದು ಮಗ್ಗುಲಿಗೆ ಇರುವ ಮರಳ ನಾಲಗೆಯ ಮೇಲೆ ಈ ಕಡಲತೀರವಿದೆ. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಾಗ ಕರ್ನಾಟಕದಿಂದ ಆಯ್ಕೆಯಾದವು ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು. ಡೆನ್ಮಾರ್ಕಿನಲ್ಲಿ ಕೇಂದ್ರ ಕಚೇರಿಯಿರುವ ಸಂಸ್ಥೆಯೊಂದು 33 ಮಾನದಂಡಗಳನ್ನು ಇಟ್ಟುಕೊಂಡು ಕೊಡುವ ಈ ಮಾನ್ಯತೆ ಬರೀ ಸ್ವಚ್ಛತೆಯ ಪ್ರಶಸ್ತಿಯೆಂದು ನಾನು ತಿಳಿದಿದ್ದೆ. ನೀರಿನಲ್ಲಿ ಮಲದ ಬ್ಯಾಕ್ಟೀರಿಯ ಇದೆಯೇ ಎಂದು ಋತುವಿನುದ್ದಕ್ಕೂ ಪರೀಕ್ಷಿಸುವುದು, ಜೀವರಕ್ಷಕರನ್ನೂ ರಕ್ಷಣಾ ಸಲಕರಣೆಗಳನ್ನೂ ಪ್ರಥಮ ಚಿಕಿತ್ಸೆಯನ್ನೂ ಒದಗಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಒಮ್ಮೆ ಕೊಟ್ಟರೆ ಶಾಶ್ವತವೂ ಅಲ್ಲ, ವರ್ಷವರ್ಷವೂ ನವೀಕರಿಸಬೇಕು.

ನಮಗೆ ಬೇಕಾಗಿದ್ದ ಒಂದು ಸಂಗತಿ ಅಲ್ಲಿ ಕಣ್ಣಿಗೆ ಕಾಣುವಂತಿತ್ತು. ಈಜಬಹುದಾದ ಜಾಗ ಯಾವುದೆಂದು ನೀರಿನಲ್ಲಿ ತೇಲುಬುರುಡೆಗಳಿಂದ ಗುರುತು ಮಾಡಿದ್ದರು, ಅದಕ್ಕೆ ನೇರವಾಗಿ ಕಾವಲು ಗೋಪುರವಿತ್ತು. ನಾವು ಹೋದ ಬೆಳಿಗ್ಗೆ ಗುರುತಿನಿಂದ ಹೊರಗೆ ಹೋದ ನಮ್ಮ ಮಗಳಿಗೆ ಒಂದೇ ಬಾರಿ ಸೀಟಿ ಊದಿದರು, ಎರಡನೆಯ ಬಾರಿಗೆ ಲೈಫ್‌ಗಾರ್ಡ್ ಸ್ವತಃ ನೀರಿಗಿಳಿದು ಬಂದು ಕರೆದುಕೊಂಡು ಹೋಗಿ ನಮ್ಮ ಕೈಗೆ ಒಪ್ಪಿಸಿದರು. ಮಗಳಿಗೆ ಅವಮಾನವಾಯಿತು; ನನಗೆ ಎರಡು ವರ್ಷದ ಹಿಂದಿನ ಭಾರ ಇಳಿದಂತಾಯಿತು. ಸಿಹಿನೀರಿನಲ್ಲಿ ಮೈ ತೊಳೆಯಲು ಶವರ್, ಬಟ್ಟೆ ಬದಲಿಸಲು ಕೊಠಡಿ, ಶೌಚಾಲಯಗಳಿದ್ದುದರಿಂದ ಅತ್ತೆಯವರೂ ಅತ್ತಿಗೆಯೂ ಮುಜುಗರವಿಲ್ಲದೆ ನೀರಿಗಿಳಿದರು. ಕೊರತೆಗಳನ್ನೂ ಹೇಳಬೇಕು. ಭಾನುವಾರ ಗುರುತು ಮಾಡಿದ ಜಾಗದಲ್ಲಿ ಜನ ಕಿಕ್ಕಿರಿದು, ಈಜುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು. ಹತ್ತು ಗಂಟೆಯ ಮೇಲೆ ಬಿಸಿಲು ತಡೆಯಲಾಗದು. ಇನ್ನೂ ಒಂದು ಗಂಟೆ ನೀರಿನಲ್ಲಿರುವ ಮನಸ್ಸಿದ್ದವರನ್ನೂ ಸಂಜೆಗೆ ಹೊರಗೆ ಕಳುಹಿಸುತ್ತಾರೆ. ಕೊನೆಯದನ್ನು ಕೊರತೆಯೆನ್ನಲು ನನಗೆ ಮನಸ್ಸಿಲ್ಲ.

ತಂಗಿದ ರೆಸಾರ್ಟ್ ಸಾಧಾರಣದ್ದು. ಕೊಠಡಿ ಚೊಕ್ಕಟವಾಗಿತ್ತು, ಗೋಡೆಯಲ್ಲಿ ಉಪ್ಪುಗಾಳಿಯ ತೇವದ ಕಲೆಗಳಿದ್ದವು, ಎಸಿ ಸದ್ದು ಮಾಡುತ್ತಿತ್ತು. ನೀರುದೋಸೆ, ಕೋರಿರೊಟ್ಟಿ, ಬಂಗುಡೆ ಸಾರು ಮನೆಯ ರುಚಿಯವು; ಕಾಫಿಯನ್ನು ಮಾತ್ರ ಕೊಡಗಿನವರ ಎದುರಿಗೆ ಇಡಬಾರದಾಗಿತ್ತು, ಲೋಟದ ತುಂಬ ಚಿಕೋರಿ. ಎರಡನೆಯ ದಿನದಿಂದ ನಮ್ಮ ಪುಡಿಯನ್ನೇ ಅಡುಗೆಮನೆಗೆ ಕೊಟ್ಟೆವು, ಅವರು ಬೇಸರಿಸದೆ ಮಾಡಿಕೊಟ್ಟರು. ಈಜುಕೊಳದ ಅಂಚಿನಲ್ಲಿ ಆಳವನ್ನು ದೊಡ್ಡ ಅಂಕಿಗಳಲ್ಲಿ ಬರೆದಿದ್ದರು, ಹಗ್ಗ ಕಟ್ಟಿದ ತೇಲುಬಳೆ ಗೋಡೆಗೆ ತೂಗಿತ್ತು, ಸಂಜೆ ಏಳಕ್ಕೆ ಗೇಟು ಹಾಕುತ್ತಿದ್ದರು. ಸಮುದ್ರಕ್ಕೆ ಹೆದರಿ ಕೊಳವನ್ನು ನಂಬುವವರಿಗೆ ಒಂದು ವಿಷಯ ನೆನಪಿಸಬೇಕು: 2024ರ ನವೆಂಬರ್‌ನಲ್ಲಿ ಮಂಗಳೂರಿನ ಸಮೀಪದ ಉಚ್ಚಿಲದಲ್ಲಿ ಮೈಸೂರಿನ ಮೂವರು ಯುವತಿಯರು ಪ್ರಾಣ ಕಳೆದುಕೊಂಡದ್ದು ರೆಸಾರ್ಟ್‌ನ ಈಜುಕೊಳದಲ್ಲಿ. ಮರು ತಿಂಗಳೇ ಮುರುಡೇಶ್ವರದ ಕಡಲಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಸತ್ತವರೆಲ್ಲ ನಮ್ಮ ಹಾಗೆಯೇ ಒಳನಾಡಿನವರು.

ಭಾವನವರ ಒತ್ತಾಯಕ್ಕೆ ಕಳೆದ ಜನವರಿಯಲ್ಲಿ ಒಂದು ದಿನದ ಮಟ್ಟಿಗೆ ಕಣ್ಣೂರು ಮತ್ತು ತಲಶ್ಶೇರಿಯ ನಡುವಿನ ಮುಳಪ್ಪಿಲಂಗಾಡ್‌ಗೂ ಹೋಗಿದ್ದೆವು. ಗಟ್ಟಿ ಮರಳಿನ ಮೇಲೆ ಸುಮಾರು ನಾಲ್ಕು ಕಿಲೋಮೀಟರ್ ಕಾರು ಓಡಿಸಬಹುದಾದ ದಂಡೆ ಅದು. ನೀರಿನಲ್ಲಿರುವ ಕಪ್ಪು ಬಂಡೆಗಳು ಹೊರಗಿನ ಸೆಳೆತವನ್ನು ತಡೆಯುತ್ತವೆ, ನೀರೂ ಬಹುದೂರದವರೆಗೆ ಆಳವಿಲ್ಲ, ಪುಟ್ಟ ಮಕ್ಕಳಿಗೆ ಅನುಕೂಲ. ಆದರೆ ಮಕ್ಕಳು ಆಡುವ ಜಾಗದಲ್ಲಿಯೇ ಜೀಪುಗಳು ಸುತ್ತುತ್ತಿದ್ದರೆ, ಕಣ್ಣನ್ನು ಅಲೆಯ ಮೇಲಿಡಬೇಕೋ ಚಕ್ರದ ಮೇಲಿಡಬೇಕೋ ತಿಳಿಯುವುದಿಲ್ಲ. ವಿರಾಜಪೇಟೆ, ಗೋಣಿಕೊಪ್ಪದ ಕಡೆಯವರಿಗೆ ದಾರಿ ಹತ್ತಿರವೆಂಬ ಕಾರಣಕ್ಕೆ ಇದು ಒಳ್ಳೆಯ ಆಯ್ಕೆ. ಈಜಲೆಂದೇ ಹೋಗುವ ದೊಡ್ಡವರಿಗೆ ಪಡುಬಿದ್ರಿ ಮೇಲು.

ಕಾಲದ ವಿಷಯದಲ್ಲಿ ನಮ್ಮ ಬಿಡುವಿಗೂ ಕಡಲಿನ ಬಿಡುವಿಗೂ ಪೂರ್ತಿ ತಾಳೆಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಪ್ರಶ್ನೆಯೇ ಇಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಮೀನುಗಾರಿಕೆಗೆ ಹೋಗದೆ ದಡದಲ್ಲಿರುವಾಗ, ಮಳೆಗಾಲದ ರಿಯಾಯಿತಿ ದರಕ್ಕೆ ಮರುಳಾಗಿ ಹೋಗುವವರು ಈಜುಡುಗೆಯನ್ನು ಮನೆಯಲ್ಲಿಯೇ ಬಿಡುವುದು ಲೇಸು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಡಲು ಸೌಮ್ಯ, ಆದರೆ ಆಗ ನಮಗೆ ಕುಯಿಲು. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಅಪಾಯವಿದೆ. ಮಲಯಾಳಿಗಳು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಇಲ್ಲಿ ಗಾಳಿಯೂ ಮೋಡವೂ ಇಲ್ಲದ ದಿನ ಕಳ್ಳನಂತೆ ದಂಡೆಗೆ ನುಗ್ಗುತ್ತವೆ. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು.

ಈ ವರ್ಷದ ಪ್ರವಾಸಕ್ಕೆ ಪಡುಬಿದ್ರಿಯ ಹತ್ತಿರದ ಅದೇ ರೆಸಾರ್ಟ್‌ನಲ್ಲಿ ಎರಡು ಕೊಠಡಿ ಹೇಳಿದ್ದೇವೆ. ದಿನ ಗೊತ್ತುಮಾಡುವಾಗ ಅತ್ತೆಯವರು ಕ್ಯಾಲೆಂಡರ್ ತೆಗೆದು ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಬೇಡವೆಂದರು. ಅವರ ಲೆಕ್ಕ ಪಂಚಾಂಗದ್ದು; ಆ ದಿನಗಳಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚಿರುತ್ತದೆಂಬುದು ನನ್ನ ಲೆಕ್ಕ. ಎರಡೂ ಒಂದೇ ವಾರಕ್ಕೆ ಬಂದು ನಿಂತದ್ದರಿಂದ ಚರ್ಚೆ ಬೇಗ ಮುಗಿಯಿತು. ಸೋದರಳಿಯನೂ ಬರುತ್ತಾನಂತೆ. ಕಾಫಿಪುಡಿಯ ಡಬ್ಬಿಯನ್ನು ಈಗಲೇ ಚೀಲದಲ್ಲಿ ಇಟ್ಟಾಗಿದೆ.