ಶಾಲಾ ಸಿಬ್ಬಂದಿಯ ಹುರುಪಿನ ಬಗ್ಗೆ ಎರಡು ದಿನದ ತರಬೇತಿ: ಮೊದಲ ದಿನಕ್ಕಾಗಿ ಹೋಗಿ

ಶಾಲೆ ನಡೆಸುವವರಿಗೆ ಅಂತಲೇ ಇರುವ ಎರಡು ದಿನದ ತರಬೇತಿಗೆ ಹೋಗಿ ಬಂದೆ. ಜನ ಮನಸ್ಸಿಟ್ಟು ಕೆಲಸ ಮಾಡುವುದು ಯಾವಾಗ, ಕೈಚೆಲ್ಲಿ ಕೂರುವುದು ಯಾಕೆ ಅಂತ ಕಂಪನಿ, ಕಾರ್ಖಾನೆಗಳನ್ನು ನೋಡಿ ಕಟ್ಟಿದ ಸಿದ್ಧಾಂತಗಳಿವೆಯಲ್ಲ, ಅವನ್ನು ಶಾಲೆಗೆ ತರುವುದು ಹೇಗೆ ಅನ್ನುವುದು ವಿಷಯ. ನಾನು ಮುಖ್ಯ ಶಿಕ್ಷಕಿ. ಬಂದ ತಕ್ಷಣ ಬರೆಯಲಿಲ್ಲ. ತರಬೇತಿ ಮುಗಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೇ ಒಂದು ಟರ್ಮ್ ಪೂರ್ತಿ ನಮ್ಮ ಶಾಲೆಯಲ್ಲಿ ಮಾಡಿ ನೋಡಿ ಈಗ ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹಾಕುತ್ತಿಲ್ಲ. ಇಂಥ ತರಬೇತಿಗಳಲ್ಲಿ ಹೆಚ್ಚುಕಡಿಮೆ ಇವೇ ವಿಷಯಗಳಿರುತ್ತವೆ, ಬೇರೆ ಕಡೆ ಹೋಗುವವರಿಗೂ ಉಪಯೋಗ ಆದೀತು.

ಶುರುವಾಗಿದ್ದು ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿದ ಮನಶ್ಶಾಸ್ತ್ರಜ್ಞ ಮಾಸ್ಲೊ ಅವರ ಪಿರಮಿಡ್‌ನಿಂದ. ಹೊಟ್ಟೆ, ಭದ್ರತೆ, ಜೊತೆಗಾರರು, ಗೌರವ, ಆಮೇಲೆ ತನ್ನಲ್ಲಿರುವುದನ್ನು ಪೂರ್ತಿ ಹೊರತರುವ ಆಸೆ. 1943ರ ಅವರ ಲೇಖನದಲ್ಲಿ ಆ ಪಿರಮಿಡ್ ಚಿತ್ರವೇ ಇಲ್ಲ, ಅದು ಬೇರೆಯವರು ಆಮೇಲೆ ಬರೆದದ್ದು. ಅದನ್ನು ಯಾರೂ ಹೇಳಲಿಲ್ಲ. ನಂತರ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಮ್ಯಾಕ್‌ಗ್ರೆಗರ್ 1960ರಲ್ಲಿ ಹೇಳಿದ ಎಕ್ಸ್ ಮತ್ತು ವೈ ಅನ್ನುವ ಎರಡು ಸಿದ್ಧಾಂತ. ಜನರಿಗೆ ಕೆಲಸ ಬೇಡ, ಕಾವಲು ಬೇಕು ಅಂದುಕೊಳ್ಳುವುದು ಒಂದು. ಜವಾಬ್ದಾರಿ ಕೊಟ್ಟರೆ ತಾವೇ ಮುಂದೆ ಬರುತ್ತಾರೆ ಅಂದುಕೊಳ್ಳುವುದು ಇನ್ನೊಂದು. ಇವೆರಡೂ ಬೇಗ ಮುಗಿದವು, ಮುಗಿದದ್ದೂ ಒಳ್ಳೆಯದಾಯಿತು.

ಆಮೇಲೆ ಬಂದದ್ದು ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್. ನಾನು ಹೋಗಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇಲ್ಲಿ. ಅವರು ಮತ್ತು ಜೊತೆಗಾರರು ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಕೂರಿಸಿಕೊಂಡು ಕೇಳಿದ್ದು ತುಂಬಾ ಸರಳ: ಕೆಲಸದಲ್ಲಿ ನಿಮಗೆ ಬಹಳ ಖುಷಿಯಾದ ಒಂದು ಸಂದರ್ಭ ಹೇಳಿ, ಬಹಳ ಬೇಸರವಾದ ಒಂದು ಸಂದರ್ಭ ಹೇಳಿ. 1959ರಲ್ಲಿ ಹೊರಬಂದ ಉತ್ತರದ ಸಾರ ಇಷ್ಟು: ಖುಷಿಯ ಕಾರಣಗಳು ಬೇರೆ, ಬೇಸರದ ಕಾರಣಗಳು ಬೇರೆ. ಸಂಬಳ, ನಿಯಮಗಳು, ಮೇಲಿನವರು ನಡೆದುಕೊಳ್ಳುವ ರೀತಿ, ಕೂರುವ ಜಾಗ ಇವು ಕೆಟ್ಟರೆ ಮನಸ್ಸು ಕೆಡುತ್ತದೆ. ಸರಿಹೋದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ, ಹುರುಪು ಬರುವುದಿಲ್ಲ. ಹುರುಪು ಬರುವುದು ಏನನ್ನೋ ಸಾಧಿಸಿದೆ ಅನ್ನಿಸಿದಾಗ, ಅದನ್ನು ಯಾರಾದರೂ ಗುರುತಿಸಿದಾಗ, ಜವಾಬ್ದಾರಿ ಕೈಗೆ ಬಂದಾಗ. 1967ರಲ್ಲಿ ಶಿಕ್ಷಣ ಸಂಶೋಧಕ ಸರ್ಜಿಯೊವನ್ನಿ ಇದೇ ರೀತಿ ಶಿಕ್ಷಕರನ್ನು ಕೇಳಿದರು. ಸಾಧನೆ, ಮೆಚ್ಚುಗೆ, ಜವಾಬ್ದಾರಿ ಮೂರೂ ಬಂದವು, ಬಡ್ತಿ ಮಾತ್ರ ಬರಲೇ ಇಲ್ಲ. ಇದನ್ನು ಕೇಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಟೀಚರ್ ಆಗಿ ಸೇರಿದವರು 20 ವರ್ಷ ಆದ ಮೇಲೂ ಟೀಚರೇ. ಬಡ್ತಿ ಅಂದರೆ ತರಗತಿ ಬಿಟ್ಟು ನನ್ನ ಹಾಗೆ ಆಫೀಸ್ ರೂಮಿಗೆ ಬರಬೇಕು.

ತರಬೇತಿ ಕೊಡುತ್ತಿದ್ದವರು ಅದೇ ಎರಡು ಪ್ರಶ್ನೆಗಳನ್ನು ನಮಗೂ ಹಾಕಿದರು, ಇಬ್ಬಿಬ್ಬರಾಗಿ ಕೂತು ಹೇಳಿಕೊಳ್ಳಬೇಕು. ನನ್ನ ಜೊತೆ ಕೂತವರು ಗಣಿತದ ಟೀಚರ್. ಭಿನ್ನರಾಶಿ ಅಂದರೆ ಸಾಕು ಪುಸ್ತಕ ಮುಚ್ಚಿಬಿಡುತ್ತಿದ್ದ ಒಬ್ಬ ಹುಡುಗಿ ಒಂದು ದಿನ ಪಕ್ಕದವಳಿಗೆ ‘ಕೆಳಗಿನ ನಂಬರ್ ಎಷ್ಟು ತುಂಡು ಮಾಡಿದ್ದೀವಿ ಅಂತ ಹೇಳುತ್ತೆ ಕಣೇ’ ಅಂತ ಹೇಳಿಕೊಡುತ್ತಿದ್ದುದನ್ನು ಹಿಂದಿನ ಬೆಂಚಿನ ಹತ್ತಿರ ನಿಂತು ಕೇಳಿಸಿಕೊಂಡರಂತೆ. ಹೇಳುವಾಗ ಅವರ ಗಂಟಲು ಕಟ್ಟಿತು. ಬೇಸರದ ಸಂದರ್ಭ ಯಾವುದು ಅಂದರೆ ಒಂದೇ ವಾರದಲ್ಲಿ ಮೂರನೇ ಸಲ, ಒಂದು ಮಾತೂ ಕೇಳದೆ, ಫ್ರೀ ಪಿರಿಯಡ್ ಕಿತ್ತುಕೊಂಡು ಬೇರೆ ಕ್ಲಾಸಿಗೆ ಕಳಿಸಿದ ಚೀಟಿ. ಅಂಥ ಚೀಟಿಗಳನ್ನು ನಾನು ಎಷ್ಟು ಬರೆದಿದ್ದೇನೋ.

ಶಾಲೆಗೆ ವಾಪಸ್ ಬಂದು ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಕೂತು ಇದೇ ಎರಡು ಪ್ರಶ್ನೆ ಕೇಳಿದೆ. ಬೇಸರದ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ಅಂಕಗಳನ್ನು ಮೂರು ಕಡೆ ಬರೆಯುವ ಕೆಲಸ: ರಿಜಿಸ್ಟರ್‌ನಲ್ಲಿ, ಪ್ರೋಗ್ರೆಸ್ ಕಾರ್ಡ್‌ನಲ್ಲಿ, ಕಂಪ್ಯೂಟರ್‌ನಲ್ಲಿ. ಈಗ ಕಂಪ್ಯೂಟರ್‌ಗೆ ಒಮ್ಮೆ ಹಾಕಿದರೆ ಉಳಿದೆರಡು ಪ್ರಿಂಟ್ ಆಗಿ ಬರುತ್ತವೆ. ಫ್ರೀ ಪಿರಿಯಡ್ ತೆಗೆದುಕೊಳ್ಳುವ ಮುಂಚೆ ಹೋಗಿ ಕೇಳುತ್ತೇನೆ, ಯಾರದು ಎಷ್ಟು ಸಲ ಹೋಯಿತು ಅನ್ನುವ ಲೆಕ್ಕ ಸ್ಟಾಫ್ ರೂಮ್ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇದೆ. ಗೊಣಗಾಟ ನಿಜವಾಗಿಯೂ ಕಡಿಮೆಯಾಯಿತು. ಆದರೆ ಹರ್ಜ್‌ಬರ್ಗ್ ಹೇಳಿದ ಹಾಗೆ ಅದು ಅಲ್ಲಿಗೇ ನಿಂತಿತು. ಹೊಸದೇನಾದರೂ ಕಂಡದ್ದು ವಿಜ್ಞಾನದ ಟೀಚರ್‌ಗೆ ಲ್ಯಾಬ್ ಪೂರ್ತಿ ಬಿಟ್ಟುಕೊಟ್ಟಾಗ. ಯಾವ ಪ್ರಯೋಗ, ಯಾವ ವಾರ, ಏನು ತರಿಸಬೇಕು ಎಲ್ಲ ಅವರದೇ ತೀರ್ಮಾನ. ಮೂರನೇ ವಾರದಲ್ಲಿ ನಾನು ಕೇಳದೆಯೇ ಅವರು ಮುಂದಿನ ಟರ್ಮ್‌ನ ಪಟ್ಟಿ ತಂದು ನನ್ನ ಟೇಬಲ್ ಮೇಲಿಟ್ಟರು.

ಇನ್ನು ಎರಡನೇ ದಿನ. ಬೆಳಿಗ್ಗೆ ಮನಶ್ಶಾಸ್ತ್ರಜ್ಞ ಡೆಸಿ ಅವರ 1971ರ ಪ್ರಯೋಗ ಹೇಳಿದರು. ಕಾಲೇಜು ಹುಡುಗರಿಗೆ ಒಂದು ಒಗಟಿನ ಆಟ ಬಿಡಿಸಲು ದುಡ್ಡು ಕೊಟ್ಟು, ಆಮೇಲೆ ದುಡ್ಡು ನಿಲ್ಲಿಸಿದರೆ, ಬಿಡುವಿನಲ್ಲಿ ತಾವಾಗಿ ಆಡುವ ಆಸಕ್ತಿ ಕುಗ್ಗಿತ್ತು. ಇದನ್ನು ಅಷ್ಟು ಚೆನ್ನಾಗಿ ಹೇಳಿ, ಮಧ್ಯಾಹ್ನ ಕೈಗೆ ಕೊಟ್ಟದ್ದು ‘ತಿಂಗಳ ಉತ್ತಮ ಶಿಕ್ಷಕ’ ಕಿಟ್! ಬ್ಯಾಡ್ಜ್, ಫೋಟೊ ಬೋರ್ಡ್, ಅಂಕದ ಹಾಳೆ. ನನಗೆ ಇದು ತುಂಬಾ ಬೇಸರ ತಂದಿತು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ವ್ರೂಮ್ 1964ರಲ್ಲಿ ಹೇಳಿದ್ದನ್ನೂ ಅವರೇ ಕಲಿಸಿದ್ದರು: ಕಷ್ಟಪಟ್ಟರೆ ಕೆಲಸ ಆಗುತ್ತೆ, ಕೆಲಸ ಆದರೆ ಫಲ ಸಿಗುತ್ತೆ, ಆ ಫಲ ನನಗೆ ಬೇಕು, ಈ ಮೂರರಲ್ಲಿ ಒಂದು ಕಳಚಿದರೂ ಮನುಷ್ಯ ಮುಂದೆ ಬರುವುದಿಲ್ಲ. ಓದು ಬರಹ ಈಗಷ್ಟೇ ಕಲಿಯುತ್ತಿರುವ ಮಕ್ಕಳ ಟೀಚರ್‌ಗೆ, ಪರೀಕ್ಷೆಯ ರಿಸಲ್ಟ್ ನೋಡಿ ಕೊಡುವ ಆ ಬ್ಯಾಡ್ಜ್ ಎಂದಾದರೂ ಸಿಗುತ್ತದಾ? ಕಿಟ್ ನಮ್ಮ ಬೀರುವಿನಲ್ಲೇ ಇದೆ, ತೆಗೆದಿಲ್ಲ.

ಬೋನಸ್ ವಿಷಯದಲ್ಲೂ ಅರ್ಧ ಮಾತ್ರ ಹೇಳಿದರು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಣಿತದ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಬೋನಸ್ ಇಟ್ಟು ಮೂರು ವರ್ಷ ನೋಡಿದರು, ಒಟ್ಟಾರೆ ಮಕ್ಕಳ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದು 2010ರಲ್ಲಿ ಪ್ರಕಟವಾಯಿತು. ಇದು ನಿಜ. ಆದರೆ ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಮುರಳೀಧರನ್ ಮತ್ತು ಸುಂದರರಾಮನ್ ಮಾಡಿದ ಪ್ರಯೋಗದಲ್ಲಿ ವರ್ಷದ ಸಂಬಳದ ಸರಾಸರಿ 3 ಪರ್ಸೆಂಟಿನಷ್ಟು ಬೋನಸ್‌ಗೇ ಎರಡು ವರ್ಷದಲ್ಲಿ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದಿದ್ದರು. ಎರಡನ್ನೂ ಮುಂದಿಟ್ಟು ಯಾಕೆ ಹೀಗಾಯಿತು ಅಂತ ಚರ್ಚೆ ಮಾಡಿಸಬೇಕಿತ್ತು. ತೀರ್ಮಾನ ತೆಗೆದುಕೊಳ್ಳುವ ಸ್ಥಾನದಲ್ಲಿರುವವರೇ ಅಲ್ಲಿ ಕೂತಿದ್ದರು.

ದೊಡ್ಡ ಕೊರತೆ ಇನ್ನೊಂದಿದೆ. ಎರಡೂ ದಿನ ‘ಸಿಬ್ಬಂದಿ’ ಅಂದರೆ ಟೀಚರ್ ಮಾತ್ರ. ಕ್ಲರ್ಕ್, ಅಟೆಂಡರ್, ಗುಡಿಸಿ ಒರೆಸುವವರು ಒಂದು ಉದಾಹರಣೆಯಲ್ಲೂ ಬರಲಿಲ್ಲ. ಅವರನ್ನೂ ನಾನೇ ಕೂರಿಸಿಕೊಂಡು ಕೇಳಿದೆ. ಗಂಟೆ ಹೊಡೆಯುವ ಅಟೆಂಡರ್ ಅಂದರು, ‘ಮೇಡಂ, ಪರೀಕ್ಷೆ ದಿನ ಟೈಮ್ ಬದಲಾಗುತ್ತೆ, ನನಗೆ ಅದು ಬೆಳಿಗ್ಗೆ ಬಂದ ಮೇಲೆ ಗೊತ್ತಾಗೋದು. ಮಕ್ಕಳ ಪೇಪರ್ ಮೇಲೆ ಕೈ ಇರೋವಾಗ ತಪ್ಪು ಹೊಡೆದ್ರೆ ಏನ್ ಗತಿ ಅಂತ ಹಿಂದಿನ ರಾತ್ರಿ ನಿದ್ದೆ ಬರಲ್ಲ.’ ಪರೀಕ್ಷೆಯ ಬಗ್ಗೆ ಇಷ್ಟು ಕಾಳಜಿ ಇರುವ ಮನುಷ್ಯನಿಗೆ ನಾವು ವೇಳಾಪಟ್ಟಿಯ ಒಂದು ಪ್ರತಿ ಕೂಡ ಕೊಟ್ಟಿರಲಿಲ್ಲ. ಈಗ ಎಲ್ಲರಿಗಿಂತ ಮೊದಲು ಅವರಿಗೆ ಹೋಗುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸದಾಗಿ ಮುಖ್ಯ ಶಿಕ್ಷಕರಾದವರು ಖಂಡಿತ ಹೋಗಿ, ಒಬ್ಬರೇ ಹೋಗಬೇಡಿ, ಸ್ಟಾಫ್ ರೂಮ್‌ನಿಂದ ಒಬ್ಬ ಟೀಚರ್‌ನನ್ನೂ ಆಫೀಸಿನಿಂದ ಒಬ್ಬರನ್ನೂ ಕರೆದುಕೊಂಡು ಹೋಗಿ. ಸೇರುವ ಮುಂಚೆ ನಡೆಸುವವರನ್ನು, ಕಿಟ್ ಬೇಡ, ಅದರ ಬದಲು ಎರಡು ತಿಂಗಳ ಮೇಲೆ ಶಾಲೆಗೆ ಬಂದು ಒಂದು ದಿನ ಜೊತೆ ಕೂರುತ್ತೀರಾ ಅಂತ ಕೇಳಿ ನೋಡಿ. ನಾನು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.