ಶಿರಸಿಯಿಂದ ಹೊರಟರೆ ಜೈಪುರವೋ, ಕೊಡೈಕೆನಾಲೋ?

ಹಳೇ ವೀಕ್ಷಣಾಲಯ ಒಂದನ್ನೇ ನೋಡಲು ಸಾಧ್ಯ ಅಂದರೆ, ಮಕ್ಕಳ ಜೊತೆ ಹೋಗುವವರಿಗೆ ನಾನು ಜೈಪುರದ ಜಂತರ್ ಮಂತರ್ ಹೇಳುತ್ತೇನೆ. ಜೈಪುರದ ರಾಜ ಸವಾಯಿ ಜೈಸಿಂಗ್ 18ನೇ ಶತಮಾನದಲ್ಲಿ ಕಟ್ಟಿಸಿದ್ದು. ದೂರದರ್ಶಕವೇ ಇಲ್ಲ, ಬಹುತೇಕ ಎಲ್ಲವೂ ಕಲ್ಲು, ಗಾರೆ, ನೆರಳಿನ ಲೆಕ್ಕ. ಸುಮಾರು 27 ಮೀಟರ್ ಎತ್ತರದ ಸಮ್ರಾಟ್ ಯಂತ್ರ ಎಂಬ ನೆರಳು ಗಡಿಯಾರದ ನೆರಳು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ನೆರಳಿನ ಅಂಚನ್ನೇ ನೋಡುತ್ತಾ ಒಂದು ನಿಮಿಷ ನಿಂತರೆ ಭೂಮಿ ತಿರುಗುವುದು ಕಣ್ಣಿಗೇ ಕಾಣುತ್ತದೆ! ಅದು ತೋರಿಸುವ ಹೊತ್ತು ವಾಚಿಗೆ ಹೊಂದುವುದಿಲ್ಲ. ಅದು ಆ ಊರಿನ ಸೂರ್ಯನ ಹೊತ್ತು, ಅಷ್ಟೇ.

ಕೊಡೈಕೆನಾಲ್ ಬೇರೆಯೇ ರೀತಿ. 1899ರಲ್ಲಿ ಶುರುವಾದ ಸೌರ ವೀಕ್ಷಣಾಲಯ ಇದು. ಇಲ್ಲಿ ಸೂರ್ಯನ ಚಿತ್ರ ತೆಗೆಯುವ ಕೆಲಸ ನೂರು ವರ್ಷ ದಾಟಿದೆ. ಸೂರ್ಯನ ಮೇಲಿನ ಕಪ್ಪು ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದಿದ್ದು ಇಲ್ಲೇ. ವಿಜ್ಞಾನದ ಹುಚ್ಚು ಇರುವವರಿಗೆ ಇದೇ ಜಾಸ್ತಿ ಹಿಡಿಸುತ್ತದೆ. ಆದರೆ ಇದು ಕೆಲಸ ನಡೆಯುವ ಜಾಗ, ಎಲ್ಲ ಕಡೆ ಸುಮ್ನೆ ಓಡಾಡಲು ಬಿಡುವುದಿಲ್ಲ. ಹೊರಡುವ ಮೊದಲೇ ಸಮಯ ವಿಚಾರಿಸಿಕೊಳ್ಳಿ.

ಜೈಪುರಕ್ಕೆ ಚಳಿಗಾಲವೇ ಸರಿ. ನಮ್ಮ ಕಡೆ ಅದು ಅಡಿಕೆ ಕೊಯ್ಲಿನ ಸಮಯ, ತೋಟ ಇರುವವರಿಗೆ ಕಷ್ಟ ಅಲ್ವಾ? ಅಂಥವರು ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಕೊಡೈಗೆ ಹೋಗಬಹುದು. ಬೆಂಗಳೂರಿನಿಂದ ಮಧುರೈ ಕಡೆಯ ರೈಲು ಹಿಡಿದು, ಕೊಡೈ ರೋಡ್‌ನಲ್ಲಿ ಇಳಿದು ಘಾಟಿ ಹತ್ತಬೇಕು. ಮೋಡ ಕವಿಯುವ ಮುಂಚೆ, ಬೆಳಿಗ್ಗೆಯೇ ಹೋಗಿ.